ಚಿತ್ರವನ್ನು ಒಮ್ಮೆ ತಿರುಗಿಸಿ ನೋಡಿ

ಹೋದ ತಿಂಗಳು ಇದೇ ಪುಟದಲ್ಲಿ ಮುಂಬೈ ಫೋರ್ಟಿನ ಟೌನ್ ಹಾಲಿನ ಒಂದು ಹಳೇ ಅಚ್ಚಿನ ಚಿತ್ರದ ಬಗ್ಗೆ ಸುಮ್ನೆ ಎರಡು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರ, ಫೋಟೋಗಳ ರಾಶಿ ನೋಡಿ ಗಾಬರಿಯೇ ಆಯಿತು. ಡೊಂಬಿವಲಿಯಿಂದ ವಾಸ್ಕೋ ತನಕ ನಮ್ಮವರ ಗೋಡೆಗಳ ಮೇಲೆ ಇಷ್ಟೊಂದು ಹಳೇ ಕಟ್ಟಡಗಳು ತೂಗಾಡುತ್ತಿವೆ ಅಂತ ನನಗೆ ಗೊತ್ತಿರಲಿಲ್ಲ. ಹಾಗಾಗಿ ಈ ಸಲದ ಪುಟ ಪೂರ್ತಿ ಅವಕ್ಕೇ. ಅಡುಗೆ, ಪಿಂಚಣಿ, ಸೊಸೈಟಿ ಜಗಳದ ಪ್ರಶ್ನೆ ಕಳಿಸಿದವರು ದಯವಿಟ್ಟು ಮುಂದಿನ ತಿಂಗಳ ತನಕ ಕಾಯಿರಿ.

ಪ್ರಶ್ನೆ: ನಮ್ಮ ತಂದೆಗೆ ಈಗ 82. ಹುಡುಗನಾಗಿದ್ದಾಗಲೇ ಕುಂದಾಪುರದ ಕಡೆಯಿಂದ ಬಂದು, ಫೋರ್ಟಿನ ಒಂದು ಹೋಟೆಲಲ್ಲಿ ಲೋಟ ತೊಳೆಯುತ್ತಾ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವರು. ಆಮೇಲೆ ಅಲ್ಲೇ ಒಂದು ಪಾರ್ಸಿ ಆಫೀಸಲ್ಲಿ ಪ್ಯೂನ್ ಆದರು. ಆಫೀಸು ಮುಚ್ಚುವಾಗ ಸಾಹೇಬರು ಗೋಡೆಯಲ್ಲಿದ್ದ ಒಂದು ಚಿತ್ರ ಇಳಿಸಿ ಕೊಟ್ಟರಂತೆ. ದೊಡ್ಡ ಕಂಬಗಳು, ಮೆಟ್ಟಿಲು, ಮುಂದೆ ಕುದುರೆಗಾಡಿ. ಕೆಳಗೆ ಇಂಗ್ಲಿಷಿನಲ್ಲಿ ‘ಟೌನ್ ಹಾಲ್, ಬಾಂಬೆ’ ಅಂತಿದೆ. ಚೋರ್ ಬಜಾರಿನಲ್ಲಿ ಒಬ್ಬರು ಇದು 1830ರ ಒರಿಜಿನಲ್ ಎಚ್ಚಿಂಗ್, ಅಂದರೆ ತಾಮ್ರದ ತಗಡಿನಿಂದ ತೆಗೆದ ಅಚ್ಚು, ಅಂದರು. ಹೌದಾ? ಏನು ಬೆಲೆ ಬಾಳಬಹುದು? — ಡೊಂಬಿವಲಿಯ ಓದುಗರು

ಉತ್ತರ: ನೀವು ಮೊದಲು ಕಳಿಸಿದ ಫೋಟೋದಲ್ಲಿ ಟೌನ್ ಹಾಲಿಗಿಂತ ಗಾಜಿನಲ್ಲಿ ಹೊಳೆಯುತ್ತಿದ್ದ ನಿಮ್ಮ ಮನೆ ಟ್ಯೂಬ್‌ಲೈಟೇ ಜಾಸ್ತಿ ಕಾಣಿಸುತ್ತಿತ್ತು. ಅದಕ್ಕೇ ಫ್ರೇಮ್ ಬಿಚ್ಚಿಸಿ ಇನ್ನೂ ಮೂರು ಫೋಟೋ ಕಳಿಸಿ ಅಂದದ್ದು. ಒಂದು ಮೂಲೆಯದ್ದು, ಒಂದು ಕಂಬದ ನೆರಳನ್ನು ಹತ್ತಿರದಿಂದ ತೆಗೆದದ್ದು, ಒಂದು ಬೆನ್ನಿನದ್ದು. ಬೆನ್ನಿನ ಫೋಟೋ ಬಂದ ಕೂಡಲೇ ಗುಟ್ಟು ರಟ್ಟಾಯಿತು. ಅಲ್ಲಿ ಮೂರು ಕಾಲಂ ಇಂಗ್ಲಿಷ್ ಅಕ್ಷರ ಇದೆ. ಯಾವುದೋ ಕುದುರೆ ಪಂದ್ಯದ ಅರ್ಧ ಸುದ್ದಿ, ಪಕ್ಕದಲ್ಲಿ ಕೂದಲೆಣ್ಣೆಯ ಜಾಹೀರಾತಿನ ತುಂಡು. ಅಂದರೆ ಇದು ಯಾವುದೋ ಕಾಲದಲ್ಲಿ ಯಾರೋ ಪತ್ರಿಕೆಯಿಂದ ಕತ್ತರಿಸಿಟ್ಟ ಹಾಳೆ. ಎಚ್ಚಿಂಗ್ ಅಲ್ಲ, ಮರದಚ್ಚು.

ಬೇಜಾರು ಮಾಡ್ಕೋಬೇಡಿ. ಮರದಚ್ಚಿನ ಕತೆ ಎಚ್ಚಿಂಗಿಗಿಂತ ಏನೂ ಕಡಿಮೆ ಅಲ್ಲ.

ಎಚ್ಚಿಂಗನ್ನು ಅಕ್ಷರದ ಜೊತೆಗೆ ಒಂದೇ ಏಟಿಗೆ ಅಚ್ಚು ಹಾಕೋಕೆ ಆಗೋದಿಲ್ಲ. ಅದು ತಾಮ್ರದ ತಗಡು. ಶಾಯಿ ನಿಲ್ಲೋದು ಅದರ ಗೀರುಗಳ ಒಳಗೆ. ಅದಕ್ಕೆ ಬೇರೆಯದೇ ಯಂತ್ರ ಬೇಕು, ಕಾಗದವನ್ನು ಒದ್ದೆ ಮಾಡಬೇಕು, ಒಂದೊಂದೇ ಹಾಳೆ ತೆಗೆಯಬೇಕು. ಆದರೆ ಮರದಚ್ಚು ನಮ್ಮ ರಬ್ಬರ್ ಸ್ಟಾಂಪಿನ ಹಾಗೆ. ಬಿಳಿ ಬೇಕಾದ ಕಡೆಯೆಲ್ಲ ಕೆತ್ತಿ ತೆಗೆದರೆ ಉಬ್ಬಿ ಉಳಿದ ಗೆರೆಗೆ ಶಾಯಿ ಹತ್ತುತ್ತದೆ. ಮರದ ತುಂಡನ್ನು ಅಚ್ಚುಮೊಳೆಯಷ್ಟೇ ಎತ್ತರಕ್ಕೆ ಮಾಡಿಬಿಟ್ಟರೆ, ಸುದ್ದಿಯ ಮೊಳೆಗಳ ಪಕ್ಕದಲ್ಲೇ ಕೂರಿಸಿ ಎರಡನ್ನೂ ಒಟ್ಟಿಗೆ ಒತ್ತಬಹುದು. ಇದೇ ಉಪಾಯದ ಮೇಲೆ 1842ರ ಮೇ ತಿಂಗಳಲ್ಲಿ ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್ ಅನ್ನೋ ವಾರಪತ್ರಿಕೆ ಶುರುವಾಯಿತು. 1869ರಲ್ಲಿ ದಿ ಗ್ರಾಫಿಕ್ ಬಂತು. ಮುಂಬೈ, ಕಲ್ಕತ್ತಾದ ದೊಡ್ಡ ಕಟ್ಟಡಗಳನ್ನು ಲಂಡನ್ನಿನ ಜನ ಮನೇಲಿ ಕೂತು ನೋಡಿದ್ದು ಹೆಚ್ಚಾಗಿ ಇಂಥ ಪತ್ರಿಕೆಗಳಲ್ಲೇ. ಈಗ ಹಳೇ ಚಿತ್ರದ ಅಂಗಡಿಯಲ್ಲಿ ‘ಎಚ್ಚಿಂಗ್’ ಅಂತ ಹೇಳಿ ಮಾರುವ ಕಪ್ಪು ಬಿಳುಪು ಕಟ್ಟಡಗಳಲ್ಲಿ ಬಹಳಷ್ಟು ಹೀಗೆ ಪತ್ರಿಕೆಯಿಂದ ಕತ್ತರಿಸಿದವು. ಅಂಗಡಿಯವರೆಲ್ಲ ಬೇಕಂತಲೇ ಸುಳ್ಳು ಹೇಳ್ತಾರೆ ಅಂತಲ್ಲ. ಗೆರೆ ಗೆರೆ ಇರೋದಕ್ಕೆಲ್ಲ ಎಚ್ಚಿಂಗ್ ಅನ್ನೋದು ಅವರಿಗೆ ಬಾಯಿಪಾಠ ಆಗಿಬಿಟ್ಟಿದೆ.

ನಿಮ್ಮ ಎರಡನೇ ಫೋಟೋವನ್ನು ದೊಡ್ಡದು ಮಾಡಿ ನೋಡಿ. ಎಡಗಡೆಯಿಂದ ಮೂರನೇ ಕಂಬದ ಮೇಲಿಂದ ಕೆಳಗೆ ಕೂದಲೆಳೆಯಷ್ಟು ಸಣ್ಣ ಒಂದು ಬಿಳಿ ಗೆರೆ ನೇರವಾಗಿ ಇಳಿದಿದೆ, ಆಕಾಶದಿಂದ ಹಿಡಿದು ಮೆಟ್ಟಿಲಿನ ತನಕ. ಅದು ಕಾಗದದ ಮಡಿಕೆ ಅಲ್ಲ. ಈ ಕೆಲಸಕ್ಕೆ ಬಳಸುತ್ತಿದ್ದದ್ದು ಬಾಕ್ಸ್‌ವುಡ್ ಅನ್ನೋ ಮರ. ಬಹಳ ಗಟ್ಟಿ, ಬೆಳೆಯೋದು ನಿಧಾನ, ಕಾಂಡವೂ ಸಣ್ಣ. ಅಡ್ಡಕ್ಕೆ ಕೊಯ್ದರೆ ಸಣ್ಣ ಸಣ್ಣ ಬಿಲ್ಲೆ ಸಿಗುತ್ತದೆ ಅಷ್ಟೆ. ದೊಡ್ಡ ಚಿತ್ರ ಬೇಕಾದರೆ ಹತ್ತಾರು ತುಂಡುಗಳನ್ನು ಹಿಂದಿನಿಂದ ಬೋಲ್ಟು ಹಾಕಿ ಜೋಡಿಸುತ್ತಿದ್ದರು. ಚಿತ್ರವನ್ನು ಮರದ ಮೇಲೆ ಬರೆದ ಮೇಲೆ ಬೋಲ್ಟು ಬಿಚ್ಚಿ ತುಂಡುಗಳನ್ನು ಒಬ್ಬೊಬ್ಬ ಕೆತ್ತನೆಗಾರನಿಗೆ ಹಂಚುವುದು, ರಾತ್ರಿಯೆಲ್ಲ ದೀಪದ ಕೆಳಗೆ ಕೂತು ಅವರು ಕೆತ್ತುವುದು, ಬೆಳಿಗ್ಗೆ ಮತ್ತೆ ಜೋಡಿಸುವುದು. ಜೋಡಿಸಿದ ಜಾಗದಲ್ಲಿ ಶಾಯಿ ಹತ್ತದೆ ಉಳಿದದ್ದೇ ಆ ಬಿಳಿ ಗೆರೆ. ಗೆರೆಯ ಎಡಕ್ಕೆ ಆಕಾಶದ ಗೀಟುಗಳು ಒತ್ತೊತ್ತಾಗಿವೆ, ಬಲಕ್ಕೆ ಸ್ವಲ್ಪ ಬಿಡಿ ಬಿಡಿಯಾಗಿವೆ, ಕಂಡಿತಾ? ಎರಡು ಬೇರೆ ಕೈ. ಇಬ್ಬರಲ್ಲಿ ಒಬ್ಬನಿಗೆ ನಿದ್ದೆ ಬಂದಿತ್ತೋ ಏನೋ.

ಆ ಕೈಗಳು ಟೌನ್ ಹಾಲನ್ನು ನೋಡಿದವೂ ಅಲ್ಲ. ಮುಂಬೈಯಿಂದ ಯಾರೋ ಕಳಿಸಿದ ಸ್ಕೆಚ್ಚೋ ಫೋಟೋವೋ ನೋಡಿ ಲಂಡನ್ನಿನಲ್ಲಿ ಕೂತು ಕೆತ್ತಿದ್ದು. ಅದಕ್ಕೇ ನಿಮ್ಮ ಚಿತ್ರದ ತೆಂಗಿನಮರ ಗುಡಿಸಲು ಇಟ್ಟ ಹಿಡಿಸೂಡಿಯ ಹಾಗಿದೆ, ಮೆಟ್ಟಿಲಿನ ಮೇಲಿರುವ ಮನುಷ್ಯನ ಪೇಟ ಕುಂಬಳಕಾಯಿಯ ಹಾಗಿದೆ.

ಇನ್ನು 1830ರ ಮಾತು. ಟೌನ್ ಹಾಲ್ ಕಟ್ಟಲು ಶುರು ಮಾಡಿದ್ದು 1821ರಲ್ಲಿ, ಮುಗಿದದ್ದು 1833ರಲ್ಲಿ. ಈ ಊರಿಗೆ ಒಂದು ದೊಡ್ಡ ಸಭಾಭವನ ಬೇಕು ಅಂತ ಮೊದಲು ಹೇಳಿದವರು 1804ರಲ್ಲಿ ಇಲ್ಲಿ ಲಿಟರರಿ ಸೊಸೈಟಿ ಶುರು ಮಾಡಿದ ಸರ್ ಜೇಮ್ಸ್ ಮ್ಯಾಕಿಂಟಾಷ್. ದುಡ್ಡಿಗೆ ಏನು ಮಾಡಿದರು ಗೊತ್ತಾ? ಲಾಟರಿ! ಲಾಟರಿ ದುಡ್ಡು ಸಾಲಲಿಲ್ಲ, ಕೆಲಸ ನಿಂತು ನಿಂತು ಹೋಯಿತು, ಕೊನೆಗೆ ಕಂಪನಿ ಸರಕಾರವೇ ಉಳಿದ ದುಡ್ಡು ಹಾಕಿ ಒಳಗೆ ತನ್ನ ಆಫೀಸಿಗೂ ಜಾಗ ಮಾಡಿಕೊಂಡಿತು. ನಕ್ಷೆ ಹಾಕಿದವನು ಬಾಂಬೆ ಎಂಜಿನಿಯರ್ಸ್‌ನ ಕರ್ನಲ್ ಥಾಮಸ್ ಕೌಪರ್. ಗ್ರೀಕ್ ದೇವಸ್ಥಾನದ ಮಾದರಿ, ಡೋರಿಕ್ ಕಂಬಗಳು. ಕಂಬಗಳು ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದವು, ಬಂದ ಮೇಲೆ ನೋಡಿದರೆ ಜೋಡಿ ಜೋಡಿಯಾಗಿ ನಿಲ್ಲಿಸಲು ತೀರಾ ದಪ್ಪ ಆಗಿ ಒಂಟೊಂಟಿಯಾಗಿ ನಿಲ್ಲಿಸಿದರು, ಮಿಕ್ಕವು ಬೈಕುಲಾದ ಚರ್ಚಿಗೆ ಹೋದವು ಅಂತ ಒಂದು ಮಾತಿದೆ. ಅಳತೆ ಕೊಡದೆ ಮದುವೆ ಅಂಗಿ ಹೊಲಿಸಿದ ಹಾಗೆ.

ನಿಮ್ಮ ಚಿತ್ರದಲ್ಲಿ ಎಡಗಡೆ ಕೆಳಗೆ ಕಬ್ಬಿಣದ ಬೇಲಿ ಇದೆ, ಒಳಗೆ ಗಿಡಗಳಿವೆ. ಕಾಲ ಹೇಳೋದು ಅದೇ. 1830ರ ಸುಮಾರಿಗೆ ಅಲ್ಲಿ ಬೇಲಿಯೂ ಇಲ್ಲ, ತೋಟವೂ ಇಲ್ಲ. ಅದು ಬಾಂಬೆ ಗ್ರೀನ್ ಅನ್ನೋ ದೊಡ್ಡ ಬಯಲು. ಹತ್ತಿ ಮೂಟೆಗಳನ್ನು ಅಲ್ಲೇ ರಾಶಿ ಹಾಕುತ್ತಿದ್ದರು, 1844ರಲ್ಲಿ ಹತ್ತಿ ವ್ಯಾಪಾರ ಕೊಲಾಬಾಕ್ಕೆ ಹೋಗುವ ತನಕ. ಆ ಬಯಲನ್ನು ದುಂಡಗೆ ಮಾಡಿ, ಸುತ್ತ ಒಂದೇ ಥರದ ಕಟ್ಟಡ, ನಡುವೆ ತೋಟ ಅಂತ ಎಲ್ಫಿನ್‌ಸ್ಟನ್ ಸರ್ಕಲ್ ಮಾಡಿದ್ದು 1860ರ ದಶಕದಲ್ಲಿ. ತೋಟ ಎಲ್ಲ ಸೇರಿ ಮುಗಿಯುವ ಹೊತ್ತಿಗೆ 1870 ದಾಟಿತ್ತು. ಇವತ್ತಿನ ಹಾರ್ನಿಮನ್ ಸರ್ಕಲ್ ಅದೇ. ಅಂದಮೇಲೆ ನಿಮ್ಮ ಹಾಳೆ 1870ರ ನಂತರದ್ದು. ಕೆಳಗಿನ ಶೀರ್ಷಿಕೆ ನೋಡಿ ಕಾಲ ಹೇಳೋಕೆ ಹೋಗಬಾರದು, ಚಿತ್ರದ ಮೂಲೆ ನೋಡಿ ಹೇಳಬೇಕು. ಟ್ರಾಮ್ ಹಳಿ ಕಂಡರೆ ಇನ್ನೂ ಸುಲಭ, ಈ ಊರಲ್ಲಿ ಕುದುರೆ ಟ್ರಾಮ್ ಓಡಿದ್ದು 1874ರ ಮೇ 9ರಿಂದ. ನಿಮ್ಮದರಲ್ಲಿ ನಾನು ಹುಡುಕಿದೆ, ಕಾಣಲಿಲ್ಲ.

ಬೆಲೆ ಕೇಳಿದ್ದೀರಿ. ಜಾಸ್ತಿ ಇಲ್ಲ. ಪತ್ರಿಕೆ ಅಂದರೆ ರಾಶಿ ರಾಶಿ ಅಚ್ಚಾದದ್ದು, ಇವತ್ತೂ ಸಿಗುತ್ತದೆ. ಮಾರೋ ಯೋಚನೆ ಇದ್ದರೆ ಬಿಟ್ಟುಬಿಡಿ ಅನ್ನೋದು ನನ್ನ ಸಲಹೆ, ಬಂದ ದುಡ್ಡು ಒಂದು ಭಾನುವಾರದ ಊಟಕ್ಕೆ ಮುಗಿಯುತ್ತದೆ. ಅದರ ಬದಲು ತಂದೆಯವರನ್ನು ಒಂದು ಸಲ ಕರಕೊಂಡು ಹೋಗಿ. ಈಗ ಅಲ್ಲಿ ಏಷಿಯಾಟಿಕ್ ಸೊಸೈಟಿಯ ಗ್ರಂಥಾಲಯ ಇದೆ. ಮುಂದಿನ ಮೆಟ್ಟಿಲು 30. ಅವರ ಮಂಡಿ ಗಟ್ಟಿ ಇದ್ದರೆ ಹತ್ತಿಸಿ, ಇಲ್ಲದಿದ್ದರೆ ಎದುರಿನ ತೋಟದಲ್ಲಿ ಕೂತು ನೋಡಿದರೂ ಆದೀತು.

ಪ್ರಶ್ನೆ: ನನ್ನ ಹತ್ತಿರ ಇರುವುದು ಯುರೋಪಿನ ಯಾವುದೋ ಊರಿನ ಹಳೇ ಕಟ್ಟಡ, ಎತ್ತರದ ಕಮಾನು, ಕೆಳಗೆ ಸಣ್ಣ ಸಣ್ಣ ಜನ. ಸುತ್ತ ಕಾಗದ ಒತ್ತಿದ ಹಾಗೆ ಒಂದು ತಗ್ಗು ಇದೆ. ಅಂಚಿನಲ್ಲಿ ಪೆನ್ಸಿಲಿನಲ್ಲಿ ‘ಹೈಗ್’ ಅಂತ ಸಹಿ. ನಮ್ಮ ಯಜಮಾನರು ರದ್ದಿಯಲ್ಲಿ ತಂದದ್ದು. ಇದಾದರೂ ಎಚ್ಚಿಂಗಾ? — ಮುಲುಂಡಿನ ಓದುಗರು

ಉತ್ತರ: ಹೌದಮ್ಮಾ, ಇದು ಎಚ್ಚಿಂಗ್. ಯಜಮಾನರಿಗೆ ಇವತ್ತು ಒಂದು ಕಾಫಿ ಜಾಸ್ತಿ ಕೊಡಿ.

ಆ ತಗ್ಗೇ ಮೊದಲ ಸಾಕ್ಷಿ. ತಾಮ್ರದ ತಗಡನ್ನೂ ಒದ್ದೆ ಕಾಗದವನ್ನೂ ಸೇರಿಸಿ ಎರಡು ಉರುಳೆಗಳ ನಡುವೆ ಹಿಂಡಿದಾಗ ತಗಡಿನ ಅಂಚು ಕಾಗದಕ್ಕೆ ಒತ್ತಿ ಉಳಿಯುವ ಗುರುತು ಅದು. ಮರದಚ್ಚಿನಲ್ಲಿ ಅದು ಬರೋದಿಲ್ಲ. ಕಲ್ಲಿನ ಹಲಗೆಯಿಂದ ತೆಗೆಯುವ ಕಲ್ಲಚ್ಚಿನಲ್ಲೂ ಸಾಮಾನ್ಯವಾಗಿ ಇಲ್ಲ.

ಎಚ್ಚಿಂಗ್ ಮಾಡುವ ರೀತಿ ನಿಮಗೆ ನನಗಿಂತ ಬೇಗ ಅರ್ಥ ಆಗುತ್ತದೆ. ತಾಮ್ರದ ಚೆಂಬಿಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಹುಳಿ ತಾಮ್ರದ ಮೇಲಿನ ಪದರ ತಿಂದು ಹೊಳಪು ಬರುತ್ತದಲ್ಲ, ಇಲ್ಲೂ ಹುಳಿಯದ್ದೇ ಕೆಲಸ, ಹುಣಸೆಯ ಬದಲು ನೈಟ್ರಿಕ್ ಆಸಿಡ್. ಮೊದಲು ನುಣುಪಾದ ತಗಡಿಗೆ ಮೇಣ, ರಾಳ ಕಲಸಿದ ತೆಳು ಲೇಪ. ಅದನ್ನು ಮೇಣದಬತ್ತಿಯ ಹೊಗೆಗೆ ಹಿಡಿದು ಕಪ್ಪು ಮಾಡುತ್ತಾರೆ. ಆಮೇಲೆ ಸೂಜಿ ಹಿಡಿದು ಲೇಪದ ಮೇಲೆ ಬರೆಯೋದು. ತಾಮ್ರವನ್ನು ಕೊರೆಯಬೇಕಾಗಿಲ್ಲ, ಲೇಪ ಗೀರಿದರೆ ಸಾಕು, ಕಪ್ಪಿನ ನಡುವೆ ತಾಮ್ರ ಮಿರಮಿರ ಮಿಂಚುತ್ತದೆ. ತಗಡನ್ನು ಆಸಿಡ್ಡಿನಲ್ಲಿ ಇಟ್ಟರೆ ಗೀರಿದ ಕಡೆ ಮಾತ್ರ ತಿನ್ನುತ್ತದೆ. ಗೆರೆ ಮೇಲೆ ಗುಳ್ಳೆ ಏಳುತ್ತದೆ, ಅದನ್ನು ಹಕ್ಕಿಗರಿಯಿಂದ ಮೆಲ್ಲಗೆ ಸವರಿ ತೆಗೆಯುತ್ತಾರೆ. ದೂರದ ಗೋಪುರದ ತಿಳಿ ಗೆರೆ ಸಾಕು ಅನಿಸಿದಾಗ ತಗಡು ಹೊರಗೆ ತೆಗೆದು ಆ ಭಾಗಕ್ಕೆ ವಾರ್ನಿಷ್ ಬಳಿದು, ಕಮಾನಿನ ಕೆಳಗಿನ ಕತ್ತಲೆ ಬೇಕಾದ ಕಡೆಯನ್ನು ಮತ್ತೆ ಆಸಿಡ್ಡಿಗೆ ಹಾಕೋದು. ಎಷ್ಟು ಹೊತ್ತು ಇಟ್ಟರೆ ಗೆರೆ ಅಷ್ಟು ಆಳ, ಅಷ್ಟು ಕಪ್ಪು.

ಕೊನೆಗೆ ಲೇಪ ತೆಗೆದು, ಶಾಯಿ ಮೆತ್ತಿ, ಮೇಲಿನದ್ದನ್ನೆಲ್ಲ ಬಟ್ಟೆಯಿಂದಲೂ ಅಂಗೈಯಿಂದಲೂ ಒರೆಸಿಬಿಡುತ್ತಾರೆ. ಮಸಿ ಹಿಡಿದ ಪಾತ್ರೆ ತೊಳೆದ ಮೇಲೆ ಕೈ ಎಷ್ಟು ಒರೆಸಿಕೊಂಡರೂ ಅಂಗೈಯ ಗೆರೆಗಳಲ್ಲಿ ಮಸಿ ಉಳಿಯುತ್ತದೆ ನೋಡಿ, ಹಾಗೆ ಗೀರುಗಳಲ್ಲಿ ಶಾಯಿ ಉಳಿಯುತ್ತದೆ. ಒದ್ದೆ ಕಾಗದ ಅದನ್ನು ಎಳೆದುಕೊಳ್ಳುತ್ತದೆ. ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚನ್ನು ಚಿತ್ರದ ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಕಮಾನಿನ ಕೆಳಗಿನ ಕಪ್ಪು ಗೆರೆಗಳು ಕಾಗದದಿಂದ ಒಂದಿಷ್ಟು ಎದ್ದು ನಿಂತಿರೋದು ಕಾಣುತ್ತದೆ. ಮುಟ್ಟಿ ನೋಡಬೇಡಿ, ಕೈಯ ಎಣ್ಣೆ ಹತ್ತುತ್ತದೆ.

ಪೆನ್ಸಿಲ್ ಸಹಿಯ ಬಗ್ಗೆ ಒಂದು ಮಾತು. ಅಚ್ಚಾದ ಮೇಲೆ ಕಲಾವಿದ ಅಂಚಿನಲ್ಲಿ ಪೆನ್ಸಿಲಿಂದ ಸಹಿ ಹಾಕುವ ರೂಢಿ ಬಲವಾದದ್ದು 19ನೇ ಶತಮಾನದ ಕೊನೆಯ ಭಾಗದಲ್ಲಿ. ಹಾಗಾಗಿ 1820ರ ಚಿತ್ರ ಅಂತ ಹೇಳಿ ಕೆಳಗೆ ಪೆನ್ಸಿಲ್ ಸಹಿ ತೋರಿಸಿದರೆ ಸ್ವಲ್ಪ ಹುಬ್ಬೇರಿಸಿ. ನಿಮ್ಮದಕ್ಕೆ ಆ ತೊಂದರೆ ಇಲ್ಲ, ಏಕೆಂದರೆ ಆಕ್ಸೆಲ್ ಹೈಗ್ ಆ ಕಾಲದವನೇ. ಸ್ವೀಡನ್ನಿನ ಗಾಟ್‌ಲ್ಯಾಂಡ್ ದ್ವೀಪದಲ್ಲಿ 1835ರಲ್ಲಿ ಹುಟ್ಟಿದವನು. ಹಡಗು ಕಟ್ಟುವ ಕೆಲಸ ಕಲಿತು ಬ್ರಿಟನ್ನಿಗೆ ಬಂದು, ವಾಸ್ತುಶಿಲ್ಪಿಗಳಿಗೆ ಕಟ್ಟಡದ ಚಿತ್ರ ಬರೆದುಕೊಡುತ್ತಿದ್ದ. ಯುರೋಪಿನ ಹಳೇ ಚರ್ಚು, ಊರಬಾಗಿಲುಗಳ ದೊಡ್ಡ ದೊಡ್ಡ ಎಚ್ಚಿಂಗುಗಳಿಂದ ಹೆಸರು ಮಾಡಿದ.

ಈಗ ಮಜಾ ನೋಡಿ. ನೀವು ಮುಲುಂಡಿನಿಂದ ಫಾಸ್ಟ್ ಲೋಕಲ್ ಹಿಡಿದು ಇಳಿಯುವ ವಿ.ಟಿ. ಸ್ಟೇಷನ್ ಇದೆಯಲ್ಲ (ಹೆಸರು ಛತ್ರಪತಿ ಶಿವಾಜಿಯವರದ್ದಾಗಿ ಎಷ್ಟೋ ವರ್ಷ ಆಯಿತು, ಬಾಯಿಗೆ ಬರೋದು ಹಳೇ ವಿಕ್ಟೋರಿಯಾ ಟರ್ಮಿನಸ್ಸೇ), ಅದರ ಚಂದದ ಬಣ್ಣದ ಚಿತ್ರ 1878ರಲ್ಲಿ ಬರೆದವನು ಇದೇ ಹೈಗ್. ವಾಸ್ತುಶಿಲ್ಪಿ ಎಫ್. ಡಬ್ಲ್ಯು. ಸ್ಟೀವನ್ಸ್‌ಗಾಗಿ ಬರೆದದ್ದು. ಅದು ಎಚ್ಚಿಂಗ್ ಅಲ್ಲ, ಜಲವರ್ಣ. ಕಟ್ಟಡದ ಕೆಲಸ ಶುರುವಾದದ್ದೇ 1878ರಲ್ಲಿ, ಪೂರ್ತಿಯಾಗಲು ಸುಮಾರು 10 ವರ್ಷ ಹಿಡಿಯಿತು. ಅಂದರೆ ಗುಮ್ಮಟ, ಕಮಾನು, ಎದುರಿಗೆ ಓಡಾಡುವ ಜನ ಎಲ್ಲ ಕಾಗದದ ಮೇಲೆ ಸಿದ್ಧ, ನೆಲದ ಮೇಲೆ ಇನ್ನೂ ಇಲ್ಲ! ಈಗ ಬಿಲ್ಡರುಗಳು ಘೋಡ್‌ಬಂದರ್ ರೋಡಿನಲ್ಲಿ ಬೋರ್ಡ್ ಹಾಕಿ ಈಜುಕೊಳ, ಹುಲ್ಲುಹಾಸು ತೋರಿಸುತ್ತಾರಲ್ವಾ, ಅದೇ ಕೆಲಸ. ವ್ಯತ್ಯಾಸ ಏನಂದರೆ ಹೈಗ್ ಬರೆದದ್ದು ಎದ್ದು ನಿಂತಿತು.

ಎಲ್ಲವೂ ನಿಲ್ಲಲಿಲ್ಲ ಅನ್ನಿ. ಹೈಗ್ ಯಾರಿಗೆ ತುಂಬಾ ಚಿತ್ರ ಬರೆದುಕೊಟ್ಟನೋ ಆ ವಿಲಿಯಂ ಬರ್ಜೆಸ್, 1860ರ ದಶಕದಲ್ಲಿ ನಮ್ಮ ಜೆ.ಜೆ. ಕಲಾಶಾಲೆಗೆ ಒಂದು ಭಾರೀ ನಕ್ಷೆ ಮಾಡಿದ್ದ. ಖರ್ಚು ಹೆಚ್ಚಾಯಿತು ಅಂತ ಕಟ್ಟಲೇ ಇಲ್ಲ. ಆದ್ದರಿಂದ ಹಳೇ ಚಿತ್ರದಲ್ಲಿ ಒಂದು ಕಟ್ಟಡ ಕಂಡ ಮಾತ್ರಕ್ಕೆ ‘ಅಯ್ಯೋ, ಇದನ್ನ ಯಾವಾಗ ಒಡೆದರು?’ ಅಂತ ಅಳಬೇಡಿ. ಕಟ್ಟಿಯೇ ಇರಲಿಕ್ಕಿಲ್ಲ.

ಪ್ರಶ್ನೆ: ಎಚ್ಚಿಂಗ್ ಅಚ್ಚಾದಾಗ ಎಡ ಬಲ ತಿರುಗುತ್ತದಂತೆ. ನನ್ನ ಬಳಿಯ ಟೌನ್ ಹಾಲ್ ಚಿತ್ರ ಸರಿಯಾಗಿದೆಯಾ, ಕನ್ನಡಿಯಲ್ಲಿ ಕಂಡ ಹಾಗಿದೆಯಾ ಅಂತ ತಿಳಿಯೋದು ಹೇಗೆ? — ಮಾಟುಂಗಾದ ಓದುಗರು

ಉತ್ತರ: ತಿರುಗುತ್ತದೆ. ತಗಡಿನಲ್ಲಿ ಬಲಕ್ಕಿದ್ದದ್ದು ಕಾಗದದಲ್ಲಿ ಎಡಕ್ಕೆ ಬರುತ್ತದೆ. ಬುದ್ಧಿವಂತರು ತಗಡಿನ ಮೇಲೇ ಉಲ್ಟಾ ಬರೆಯುತ್ತಿದ್ದರು, ಸ್ಕೆಚ್ಚನ್ನು ಕನ್ನಡಿಯಲ್ಲಿ ನೋಡಿಕೊಂಡು. ಎಲ್ಲರಿಗೂ ಅಷ್ಟು ತಾಳ್ಮೆ ಇರಲಿಲ್ಲ. ಅಂಗಡಿ ಬೋರ್ಡಿನ ಅಕ್ಷರ, ಗಡಿಯಾರದ ಮುಖ, ಸಿಪಾಯಿ ಕತ್ತಿ ಕಟ್ಟಿದ ಸೊಂಟ ನೋಡಿದರೆ ಸಾಮಾನ್ಯವಾಗಿ ಸಿಕ್ಕಿಬೀಳುತ್ತಾರೆ. ನಿಮ್ಮ ಕಷ್ಟ ಏನಂದರೆ ಟೌನ್ ಹಾಲ್ ಎರಡೂ ಕಡೆ ಒಂದೇ ಥರ. ತಿರುಗಿಸಿದರೂ ಅದಕ್ಕೇನೂ ಬೇಜಾರಿಲ್ಲ.

ಒಂದು ದಾರಿ ಇದೆ. ಬಿಸಿಲು. ಟೌನ್ ಹಾಲಿನ ಮುಖ ಪಶ್ಚಿಮಕ್ಕೆ, ಸರ್ಕಲ್ಲಿನ ಕಡೆಗೆ. ನೀವು ಅದಕ್ಕೆ ಎದುರಾಗಿ ನಿಂತರೆ ನಿಮ್ಮ ಬಲಗೈ ದಕ್ಷಿಣಕ್ಕೆ. ಮುಂಬೈಯಲ್ಲಿ ಮಳೆಗಾಲದ ಆಸುಪಾಸಿನ ಕೆಲವು ವಾರ ಬಿಟ್ಟರೆ ನಡುಹಗಲಿನ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಹಾಗಾಗಿ ಮಧ್ಯಾಹ್ನ ಕಂಬಗಳ ನೆರಳು ಎಡಕ್ಕೆ ಬೀಳಬೇಕು. ನಿಮ್ಮ ಚಿತ್ರದಲ್ಲಿ ಬಲಕ್ಕೆ ಬಿದ್ದಿದ್ದರೆ ತಿರುಗಿರಬಹುದು. ಅಥವಾ ಬರೆದವನು ಬಿಸಿಲು ಯಾವ ಕಡೆಯಿಂದ ಅಂತ ತಲೆಕೆಡಿಸಿಕೊಳ್ಳದೆ ಶಾಲೆಯಲ್ಲಿ ಕಲಿತ ಹಾಗೆ ಎಡಗಡೆಯಿಂದ ಬೆಳಕು ಹಾಕಿರಬಹುದು, ಅಂಥವರೂ ಬಹಳ. ಒಂದು ದಿನ ಮೂರು ಗಂಟೆ ಹೊತ್ತಿಗೆ ಹೋಗಿ ನಿಂತು ನೋಡಿ. ಟೋಪಿ ಹಾಕಿಕೊಳ್ಳಿ.

ಪ್ರಶ್ನೆ: ನಮ್ಮ ಹಳೇ ಚಿತ್ರಗಳ ಮೇಲೆ ಕಂದು ಚುಕ್ಕೆಗಳು ಎದ್ದಿವೆ. ನಿಂಬೆರಸ ಹಚ್ಚಿ ಬಿಸಿಲಲ್ಲಿಟ್ಟರೆ ಹೋಗುತ್ತದೆ ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಮಾಡಲೇ? — ಪುಣೆ, ಕೋಥ್ರೂಡಿನ ಓದುಗರು

ಉತ್ತರ: ಬೇಡ ಮಾರಾಯ್ರೆ! ನಿಂಬೆರಸ ಉಪ್ಪಿನಕಾಯಿಗೆ ಇರಲಿ. ಬ್ಲೀಚು, ಬ್ರೆಡ್ಡಿನ ತುಂಡು, ಒದ್ದೆ ಬಟ್ಟೆ ಯಾವುದೂ ಬೇಡ. ಆ ಚುಕ್ಕೆಗಳಿಗೆ ಕಾರಣ ತೇವ, ಬೂಸ್ಟು, ಕಾಗದದೊಳಗೇ ಇರುವ ಕಬ್ಬಿಣದ ಕಣ. ಹುಳಿ ಹಾಕಿದರೆ ಚುಕ್ಕೆಯ ಜೊತೆ ಕಾಗದವೂ ಹೋಗುತ್ತದೆ. ಚುಕ್ಕೆ ಇದ್ದರೆ ಇರಲಿ, ನಮಗೂ ವಯಸ್ಸಾದ ಮೇಲೆ ಕೈಮೇಲೆ ಬರೋದಿಲ್ವಾ? ತುಂಬಾ ಬೆಲೆಬಾಳುವ ಹಾಳೆ ಆದರೆ ಕಾಗದ ಸಂರಕ್ಷಣೆ ಕಲಿತವರ ಕೈಗೆ ಕೊಡಿ. ಹೊಸ ಚುಕ್ಕೆ ಬರದ ಹಾಗೆ ನೋಡಿಕೊಳ್ಳೋದು ನಿಮ್ಮ ಕೈಲಿದೆ. ಮಳೆ ಬಡಿಯುವ ಹೊರಗೋಡೆಗೆ ತೂಗುಹಾಕಬೇಡಿ, ಚಿತ್ರ ಗಾಜಿಗೆ ನೇರ ತಾಗಬಾರದು, ನಡುವೆ ಆಸಿಡ್ ಇಲ್ಲದ ರಟ್ಟಿನ ಮೌಂಟ್ ಇರಬೇಕು. ಹಿಂದುಗಡೆ ಪ್ಲೈವುಡ್ ಬೇಡ, ಮರದ ಆಸಿಡ್ ಇಳಿದು ಕಾಗದ ಕಂದಾಗುತ್ತದೆ. ಲ್ಯಾಮಿನೇಷನ್ ಅನ್ನೋ ಮಾತೇ ಎತ್ತಬೇಡಿ.

ನಾನೇನೂ ಹುಟ್ಟಿನಿಂದ ಜಾಣ ಅಲ್ಲ. 20 ವರ್ಷದ ಹಿಂದೆ ನಿಮ್ಮ ಪುಣೆಯಲ್ಲೇ, ಹಳೇ ಪೇಟೆಯ ಒಂದು ಪುಸ್ತಕದಂಗಡಿಯಲ್ಲಿ, ಶನಿವಾರವಾಡೆಯ ದೊಡ್ಡ ಬಾಗಿಲಿನ ಒಂದು ಚಂದದ ಮರದಚ್ಚು ಸಿಕ್ಕಿತ್ತು. 1828ರ ಬೆಂಕಿಯಲ್ಲಿ ಒಳಗಿನ ಅರಮನೆ ಸುಟ್ಟುಹೋಗಿ ಬಾಗಿಲು, ಗೋಡೆ ಮಾತ್ರ ಉಳಿದ ಮೇಲಿನ ಚಿತ್ರ. ಬಾಗಿಲಿನ ಹಲಗೆಯ ಮೇಲೆ, ಆನೆ ಗುದ್ದಬಾರದು ಅಂತ ಹೊಡೆದ ಕಬ್ಬಿಣದ ಮೊನೆಗಳು ಒಂದೊಂದೂ ಎಣಿಸುವಷ್ಟು ಸ್ಪಷ್ಟ. ಖುಷಿಯಲ್ಲಿ ಅವತ್ತೇ ಮನೆ ಹತ್ತಿರದ ಫ್ರೇಮ್ ಅಂಗಡಿಗೆ ಕೊಟ್ಟೆ. ವಾರ ಬಿಟ್ಟು ಹೋದರೆ ಆತ ಫ್ರೇಮಿನ ಅಳತೆಗೆ ಸರಿಹೋಗಲಿ ಅಂತ ಸುತ್ತಲಿನ ಅಂಚು, ಕೆಳಗಿನ ಶೀರ್ಷಿಕೆ, ಕೆತ್ತಿದವನ ಹೆಸರು ಎಲ್ಲ ಕತ್ತರಿಸಿ ಬಿಸಾಕಿದ್ದ. ಸಾಲದ್ದಕ್ಕೆ ಹಾಳೆ ಸುಕ್ಕಾಗಬಾರದು ಅಂತ ಪ್ಲೈವುಡ್ಡಿಗೆ ಅಂಟು ಹಾಕಿ ಮೆತ್ತಿದ್ದ. ‘ಈಗ ನೂರು ವರ್ಷ ಏನೂ ಆಗಲ್ಲ ಸಾಹೇಬ್’ ಅಂತ ನಗುತ್ತಾ ಕೊಟ್ಟ. ಮನೆಗೆ ತಂದು ಕೆಟಲಿನ ಹಬೆ ಹಿಡಿದು ಬಿಡಿಸೋಕೆ ಹೋದೆ. ಹಾಳೆ ಕರಿದ ಹಪ್ಪಳದ ಹಾಗೆ ಎದ್ದು ನಡುವೆ ಸೀಳಿತು. ಆತನದ್ದು ಅರ್ಧ ತಪ್ಪು, ನನ್ನದು ಇನ್ನರ್ಧ. ಅವತ್ತಿನಿಂದ ಫ್ರೇಮಿಗೆ ಕೊಡುವಾಗ ‘ಕತ್ತರಿಸಬೇಡಿ, ಅಂಟಿಸಬೇಡಿ’ ಅಂತ ಮರಾಠಿಯಲ್ಲಿ ಚೀಟಿ ಬರೆದು, ಅದನ್ನು ಚಿತ್ರಕ್ಕಲ್ಲ, ಲಕೋಟೆಗೆ ಅಂಟಿಸಿ ಕೊಡುತ್ತೇನೆ.

ಹುಳಕ್ಕೆ ನುಸಿಗುಳಿಗೆ ಇಡಬಹುದಾ ಅಂತಲೂ ಕೇಳಿದ್ದೀರಿ. ಫ್ರೇಮಿನ ಒಳಗೆ ಬೇಡ. ವರ್ಷಕ್ಕೊಮ್ಮೆ ಮಳೆಗಾಲ ಮುಗಿದ ಮೇಲೆ ಇಳಿಸಿ, ಹಿಂದೆ ಧೂಳು ಕೊಡವಿ, ಗೋಡೆ ಒಣಗಿದೆಯಾ ನೋಡಿ ಮತ್ತೆ ಹಾಕಿ.

ಪ್ರಶ್ನೆ: ನನ್ನಲ್ಲಿರುವ ಹಳೇ ಮುಂಬೈಯ ಚಿತ್ರಕ್ಕೆ ಬಣ್ಣ ಇದೆ, ಗೆರೆಗಳು ಸೀಸದಕಡ್ಡಿಯಲ್ಲಿ ಬರೆದ ಹಾಗೆ ಮೆತ್ತಗಿವೆ. ಇದು ಯಾವ ಜಾತಿ? — ವಾಸ್ಕೋ, ಗೋವಾದ ಓದುಗರು

ಉತ್ತರ: ಫೋಟೋ ನೋಡಿದರೆ ಕಲ್ಲಚ್ಚು, ಅಂದರೆ ಲಿಥೋಗ್ರಾಫ್. ಸುಣ್ಣದ ಕಲ್ಲಿನ ನುಣುಪು ಹಲಗೆಯ ಮೇಲೆ ಜಿಡ್ಡಿನ ಕಡ್ಡಿಯಿಂದ ಬರೆಯೋದು. ಕಲ್ಲನ್ನು ಒದ್ದೆ ಮಾಡಿ ಶಾಯಿ ಉರುಳಿಸಿದರೆ, ಎಣ್ಣೆ ನೀರು ಸೇರೋದಿಲ್ಲವಲ್ಲ, ಶಾಯಿ ಜಿಡ್ಡಿಗೆ ಮಾತ್ರ ಹತ್ತುತ್ತದೆ. ಕೆತ್ತೋದೂ ಇಲ್ಲ, ಆಸಿಡ್ಡಿನಿಂದ ಗೆರೆ ತಿನ್ನಿಸೋದೂ ಇಲ್ಲ. ಅದಕ್ಕೇ ಗೆರೆ ಮೆತ್ತಗೆ. ನಿಮ್ಮ ಊರಿನ ನಂಟೂ ಇದೆ. ಮುಂಬೈಯ ಕಟ್ಟಡ, ಬೀದಿಗಳನ್ನು 1826ರ ಸುಮಾರಿಗೇ ಕಲ್ಲಚ್ಚಿನಲ್ಲಿ ತಂದ ಜೋಸ್ ಗೊನ್ಸಾಲ್ವಿಸ್ ಗೋವಾ ಮೂಲದವನು. ಈ ಊರಲ್ಲಿ ಕಲ್ಲಚ್ಚು ಹಿಡಿದ ಮೊದಮೊದಲ ಕಲಾವಿದರಲ್ಲಿ ಒಬ್ಬ. ನಿಮ್ಮದು ಅವನದ್ದೇ ಅಂತ ನಾನು ಹೇಳುತ್ತಿಲ್ಲ, ಅಂಗಡಿಗೆ ಓಡಬೇಡಿ.

ಬಣ್ಣದ ವಿಷಯ. ಆಗ ಅಚ್ಚಾಗುತ್ತಿದ್ದದ್ದು ಹೆಚ್ಚಾಗಿ ಕಪ್ಪಿನಲ್ಲಿ, ಆಮೇಲೆ ಕೈಯಿಂದ ಬಣ್ಣ. ಅಚ್ಚಾದ ಕಾಲದಲ್ಲೇ ಹಾಕಿದ ಬಣ್ಣ ಸಾಮಾನ್ಯವಾಗಿ ತೆಳು, ಸ್ವಲ್ಪ ಮಂಕು. ಗಿಳಿಹಸಿರು ಮರ, ನೀಲಿ ಡಬ್ಬಿ ಚೆಲ್ಲಿದಂಥ ಆಕಾಶ ಕಂಡರೆ ನಿನ್ನೆ ಮೊನ್ನೆ ಮಾರೋಕೆ ಅಂತ ಬಳಿದದ್ದು ಇರಬಹುದು. ಒಂದು ಭೂತಗನ್ನಡಿ ಹಿಡಿಯಿರಿ. ಬಣ್ಣವೆಲ್ಲ ಸಣ್ಣ ಸಣ್ಣ ಚುಕ್ಕೆಗಳಾಗಿ ಹೂವಿನ ಹಾಗೆ ಸಾಲುಗಟ್ಟಿ ಕೂತಿದ್ದರೆ ಅದು ಕೈಬಣ್ಣವೂ ಅಲ್ಲ, ಕಲ್ಲಚ್ಚೂ ಅಲ್ಲ. ಈಗಿನ ಕ್ಯಾಲೆಂಡರ್ ಅಚ್ಚಾಗುವ ಯಂತ್ರದಲ್ಲಿ ತೆಗೆದ ನಕಲು.

ಕರಾವಳಿಯವರಿಗೆ ಇನ್ನೊಂದು ಮಾತು ಹೇಳದಿದ್ದರೆ ಸಮಾಧಾನ ಇಲ್ಲ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’, 1843ರ ಜುಲೈಯಲ್ಲಿ ಹರ್ಮನ್ ಮೋಗ್ಲಿಂಗ್ ಹೊರತಂದದ್ದು, ಅಚ್ಚಾದದ್ದು ಹೀಗೆಯೇ, ಬಾಸೆಲ್ ಮಿಶನ್ನಿನ ಕಲ್ಲಚ್ಚಿನಲ್ಲಿ. ಮೊಳೆ ಜೋಡಿಸಿದ್ದಲ್ಲ, ಕೈಬರಹವೇ ಕಲ್ಲಿಗೆ ಹೋದದ್ದು. ಲಂಡನ್ನಿನವರು ಮರ ಕೆತ್ತಿ ಚಿತ್ರಪತ್ರಿಕೆ ಶುರು ಮಾಡಿದ ಮರುವರ್ಷವೇ ನಮ್ಮವರು ಮಂಗಳೂರಿನಲ್ಲಿ ಕಲ್ಲಿನ ಮೇಲೆ ಕನ್ನಡ ಸುದ್ದಿ ಬರೆಯುತ್ತಿದ್ದರು.

ಕೊನೆಗಳಿಗೆಯಲ್ಲಿ ಬಂದದ್ದು: ಪುಟ ಅಚ್ಚಿಗೆ ಹೋಗುವ ಮೊದಲು ಡೊಂಬಿವಲಿಯ ಓದುಗರು ಫೋನ್ ಮಾಡಿದ್ದರು. ಬೆಲೆ ಇಲ್ಲ ಅಂದದ್ದಕ್ಕೆ ಬೈಯಲಿಕ್ಕೆ ಅಂದುಕೊಂಡೆ. ಅದಲ್ಲ. ಉತ್ತರವನ್ನು ತಂದೆಗೆ ಓದಿ ಹೇಳಿದರಂತೆ. ಅವರು ಕನ್ನಡಕ ಹಾಕಿಕೊಂಡು, ಭೂತಗನ್ನಡಿ ತರಿಸಿ, ಚಿತ್ರದ ಮೆಟ್ಟಿಲುಗಳನ್ನು ಬೆರಳಿಟ್ಟು ಎಣಿಸಿದರಂತೆ. ಎರಡು ಸಲ. 22 ಬಂತಂತೆ. ‘ಎಂಟು ಮೆಟ್ಟಿಲು ನುಂಗಿದ್ದಾನೆ ಇವನು. ದಿನಾ ಟಪಾಲು ಹಿಡ್ಕೊಂಡು ಹತ್ತಿದವ ನಾನು, ನನಗೆ ಗೊತ್ತಿಲ್ವಾ?’ ಅಂತ ರೇಗಿದರಂತೆ. ಬರುವ ಭಾನುವಾರ ಹೊರಟಿದ್ದಾರೆ, ಎಣಿಸಲಿಕ್ಕೆ.